ಅಕ್ಕನಿಗೆ ಸಿಕ್ಕ ಮೈನಸ್ ಅಂಕ

ನಮ್ಮ ಸೋದರತ್ತೆಯ ಪ್ರಕಾರ, ತೀರ್ಥಹಳ್ಳಿ ಕಡೆಯ ಅವರ ಮನೆಯ ನಾಗಂದಿಗೆ ವರ್ಷದಿಂದ ವರ್ಷಕ್ಕೆ ಮೇಲೇರುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ನಿಂತಲ್ಲಿಂದಲೇ ಕೈಚಾಚಿ ಮಿಡಿ ಉಪ್ಪಿನಕಾಯಿಯ ಭರಣಿ ಇಳಿಸುತ್ತಿದ್ದವರು, ಅರವತ್ತರ ಹೊತ್ತಿಗೆ ಮಣೆಯ ಮೇಲೆ ಮಣೆ ಪೇರಿಸಿ ಹತ್ತಬೇಕಾಯಿತು. ತಪ್ಪು ಆಚಾರಿಯದು. ಸೂರು ರಿಪೇರಿಗೆ ಬಂದವನು ಯಾರನ್ನೂ ಕೇಳದೆ ನಾಗಂದಿಗೆಯನ್ನು ಒಂದು ಗೇಣು ಮೇಲಕ್ಕೆ ಜಡಿದು ಹೋಗಿದ್ದಾನೆಂದು ಅವರು ಕೊನೆಯವರೆಗೂ ನಂಬಿದ್ದರು. ಆಚಾರಿ ತೀರಿಕೊಂಡ ಸುದ್ದಿ ಬಂದಾಗಲೂ, "ಪಾಪ, ಒಳ್ಳೆಯವನೇ, ಅಳತೆ ಒಂದು ಗೊತ್ತಿರಲಿಲ್ಲ" ಅಂದರಂತೆ. ಉಟ್ಟ ಸೀರೆಯ ಅಂಚು ನೆಲ ಗುಡಿಸತೊಡಗಿದಾಗ ಮಾತ್ರ ಸುಮ್ಮನೆ ಸೊಂಟದಲ್ಲಿ ಇನ್ನೊಂದು ಮಡಿಕೆ ಸಿಕ್ಕಿಸಿಕೊಂಡರು. ಅದಕ್ಕೆ ಯಾರನ್ನೂ ದೂರಲಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ನಾನು ಅಲ್ಲಿದ್ದಾಗ, ಬಚ್ಚಲ ಹಂಡೆಗೆ ನೀರು ಹೊಯ್ಯಲು ಕೊಡಪಾನ ಎತ್ತಿದವರು ಎತ್ತಿದ ಹಾಗೆಯೇ ನಿಂತುಬಿಟ್ಟರು. ಸೊಂಟ ಉಳುಕಿತು ಎಂದು ಮನೆಯೆಲ್ಲ ಓಡಿಬಂತು. ಈಗ ನನ್ನ ಪಾತ್ರ. ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವರ ಕಾಲು ತಾಗಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ಬಲವಾದ ನಂಬಿಕೆ. ಓದಿನಲ್ಲಿ ಸಾಧಾರಣನಾಗಿದ್ದ ನನಗೆ ಇದ್ದ ಒಂದೇ ಅರ್ಹತೆ ಅದು. ಚಾಪೆಯ ಮೇಲೆ ಬೋರಲು ಮಲಗಿದ್ದ ಅತ್ತೆಯ ಬೆನ್ನಿಗೆ, ಸುತ್ತ ನಿಂತವರ ಅಪ್ಪಣೆಯಂತೆ, ಹಿಮ್ಮಡಿಯನ್ನು ಮೂರು ಸಲ ಮೆಲ್ಲಗೆ ತಾಗಿಸಿದೆ. ಬೆನ್ನಿನ ಮಣಿಗಳೆಲ್ಲ ಕಾಲಿಗೆ ಒಂದೊಂದಾಗಿ ಸಿಗುತ್ತಿದ್ದವು. "ಹಗುರಾಯ್ತು ಕಣೋ ಮಗಾ" ಅಂದ ಅತ್ತೆ, ಕೊಬ್ಬರಿ ಬೆಲ್ಲ ಕೊಡಿಸಿದರು. ಹಗುರಾಗಿರಲಾರದು. ಅಂದು ಆದದ್ದು ಉಳುಕಲ್ಲ, ಬೆನ್ನುಮೂಳೆಯ ಒಂದು ಬಿಲ್ಲೆ ತನ್ನೊಳಗೇ ಕುಸಿದದ್ದು ಎಂದು ಈಗ ಅನಿಸುತ್ತದೆ. ಹಾಗೆ ಒಂದೊಂದೇ ಬಿಲ್ಲೆ ಕುಸಿದಂತೆ ನಾಗಂದಿಗೆ ಮೇಲೇರಿತ್ತು.

ಅತ್ತೆಗೆ ಮುಟ್ಟು ನಿಂತದ್ದು ಯಾವಾಗ ಎಂಬುದು ಅವರೊಬ್ಬರಿಗೇ ಗೊತ್ತು. ಅದು ಅವರಿಗೆ ಸಂತೋಷದ ಸಂಗತಿಯೇ ಆಗಿದ್ದಿರಬೇಕು. ತಿಂಗಳಿಗೆ ಮೂರು ದಿನ ಹೊರಗೆ ಕೂರುವ ಗೋಳು ತಪ್ಪಿತು, ಹಬ್ಬದ ತಾರೀಖು ನೋಡಿ ಎದೆ ಹೊಡೆದುಕೊಳ್ಳುವುದು ತಪ್ಪಿತು. ಅದರ ಜೊತೆಯಲ್ಲಿ ಇನ್ನೇನು ಹೋಯಿತು ಎಂದು ಹೇಳುವವರು ಯಾರಿದ್ದರು? ಬಾಸ್ಟನ್ನಿನ ಡಾಕ್ಟರು ಫುಲ್ಲರ್ ಆಲ್‌ಬ್ರೈಟ್ 1941ರಲ್ಲೇ ಹೇಳಿದ್ದರು: ಬೆನ್ನುಮೂಳೆ ಕುಸಿದು ತನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಮುಟ್ಟು ನಿಂತ ಹೆಂಗಸರು, ಇದು ಹಾರ್ಮೋನಿನ ಕೊರತೆಯ ಕೆಲಸ ಎಂದು. ಬಾಸ್ಟನ್ನಿನಿಂದ ತೀರ್ಥಹಳ್ಳಿಗೆ ಆ ಮಾತು ಬರಲು ತುಂಬ ಕಾಲ ಹಿಡಿಯಿತು.

ಮೂಳೆಯೊಳಗೆ ಜೀವಮಾನವಿಡೀ ರಿಪೇರಿ ನಡೆದೇ ಇರುತ್ತದಂತೆ. ಹಳೆಯದನ್ನು ಕೆಡವುವ ಕೋಶಗಳು ಒಂದು ಗುಂಪು, ಹೊಸದು ಕಟ್ಟುವವು ಇನ್ನೊಂದು ಗುಂಪು. ಈಸ್ಟ್ರೋಜನ್ ಎಂಬ ಮೇಸ್ತ್ರಿ ಕೆಡವುವವರನ್ನು ಗದರಿಸಿಕೊಂಡು ಇರುವತನಕ ಕೆಡವಿದ್ದಕ್ಕೂ ಕಟ್ಟಿದ್ದಕ್ಕೂ ಲೆಕ್ಕ ಸರಿಹೋಗುತ್ತದೆ. ಮುಟ್ಟು ನಿಂತಾಗ ಮೇಸ್ತ್ರಿ ಕೆಲಸ ಬಿಟ್ಟು ಹೋಗುತ್ತಾನೆ. ಮೊದಲ ಐದಾರು ವರ್ಷ ನಷ್ಟ ಜೋರು, ಆಮೇಲೆ ನಿಧಾನ. ನೋವಿಲ್ಲ, ಸದ್ದಿಲ್ಲ. ಮುರಿದ ದಿನವೇ ಗೊತ್ತಾಗುವುದು.

ಮೈಸೂರಿನಲ್ಲಿದ್ದ ನಮ್ಮ ಅಕ್ಕನ ಮನೆಯಲ್ಲಿ ಮೇಸ್ತ್ರಿ ಹೊರಟದ್ದು ಸದ್ದಿಲ್ಲದೆ ಏನಲ್ಲ. ಅವಳಿಗೆ ಆಗ ನಲವತ್ತೈದು, ನಲವತ್ತಾರು. ಡಿಸೆಂಬರಿನ ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಮೈಯೆಲ್ಲ ಬೆಂಕಿ ಎಂದು ಫ್ಯಾನು ಐದಕ್ಕೆ ತಿರುಗಿಸುತ್ತಿದ್ದಳು. ಪಕ್ಕದಲ್ಲಿ ಭಾವ ಮಂಕಿ ಟೋಪಿ, ಮಫ್ಲರು, ಎರಡು ಕಂಬಳಿ ಹೊದ್ದು ಮಲಗಿರುತ್ತಿದ್ದರು. ಫ್ಯಾನು ಆರಿಸು ಎಂದು ಒಂದು ದಿನವೂ ಹೇಳಿದವರಲ್ಲ. ಆ ಚಳಿಗಾಲ ಅವರಿಗೆ ಹಿಡಿದ ನೆಗಡಿ ಯುಗಾದಿಗೇ ಬಿಟ್ಟದ್ದು. ಪ್ರೇಮವಿವಾಹಗಳ ಬಗ್ಗೆ ಯಾರಾದರೂ ದೊಡ್ಡ ಮಾತಾಡಿದಾಗ ನನಗೆ ಆ ಮಂಕಿ ಟೋಪಿ ನೆನಪಾಗುತ್ತದೆ.

ಹೆಂಗಸರ ಡಾಕ್ಟರು ಹಾರ್ಮೋನು ಗುಳಿಗೆ ತೆಗೆದುಕೊಳ್ಳಬಹುದು, ಬಿಸಿಯೂ ಇಳಿಯುತ್ತದೆ, ಮೂಳೆಗೂ ಒಳ್ಳೆಯದು ಅಂದರು. ಭಾವ ಏನನ್ನೂ ಓದದೆ ನುಂಗಲು ಬಿಡುವವರಲ್ಲ. ಅವರ ಸಂಶೋಧನೆಯಲ್ಲಿ ಭಯಂಕರ ಸತ್ಯ ಹೊರಬಿತ್ತು: ಅಮೆರಿಕದಲ್ಲಿ 1942ರಿಂದ ಮಾರಾಟವಾಗುತ್ತಿರುವ ಪ್ರಸಿದ್ಧ ಹಾರ್ಮೋನು ಗುಳಿಗೆ ಪ್ರೆಮರಿನ್ ಅನ್ನು ಗಬ್ಬದ ಕುದುರೆಯ ಮೂತ್ರದಿಂದ ತೆಗೆಯುತ್ತಾರೆ. ಭಾವನ ತಾಯಿ ಜಪಮಣಿ ಕೆಳಗಿಟ್ಟರು. "ಕುದುರೆ ಗಂಜಲವಾ? ನಮ್ಮ ಮನೆಯಲ್ಲಾ?" ಹೋದ ತಿಂಗಳ ಪುಣ್ಯಾಹದಲ್ಲಿ ಇದೇ ದೊಡ್ಡವರು ಪಂಚಗವ್ಯವನ್ನು ಮೂರು ಉದ್ಧರಣೆ ಹಾಕಿಸಿಕೊಂಡು ಕಣ್ಣಿಗೊತ್ತಿಕೊಂಡದ್ದನ್ನು ನಾನೇ ನೋಡಿದ್ದೆ. ಆದರೆ ಹಸುವಿನ ಮಾತು ಬೇರೆ. ಡಾಕ್ಟರು ನಕ್ಕು, ಕಾಡುಗೆಣಸು, ಸೋಯಾ ಮುಂತಾದವುಗಳಿಂದ ತಯಾರಿಸಿದ್ದೂ ಇದೆ ಎಂದಮೇಲೆ ಮನೆಯ ಸಭೆ ತುಸು ಮೆತ್ತಗಾಯಿತು. ಗೆಣಸಿಗೆ ದ್ವಾದಶಿಯಲ್ಲಿ ನಿಷೇಧವಿದೆಯೇ ಎಂಬ ವಿಚಾರ ಇನ್ನೂ ನಡೆಯುತ್ತಿರುವಾಗಲೇ 2002ರ ಜುಲೈ ಬಂತು.

ಆ ತಿಂಗಳ ಪತ್ರಿಕೆಗಳನ್ನು ನೋಡಿದವರಿಗೆ ನೆನಪಿರಬಹುದು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಭಾರಿ ಅಧ್ಯಯನದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಜೋಡಿ ಹಾರ್ಮೋನಿನ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ವರ್ಷಕ್ಕೆ ಹತ್ತು ಸಾವಿರ ಹೆಂಗಸರಲ್ಲಿ ಸ್ತನದ ಕ್ಯಾನ್ಸರ್ ಎಂಟು, ಪಾರ್ಶ್ವವಾಯು ಎಂಟು, ಹೃದಯದ ತೊಂದರೆ ಏಳು ಹೆಚ್ಚಿಗೆ ಕಂಡವು. ಭಾವ ಅದನ್ನು ಕತ್ತರಿಸಿ ಒಂಟಿಕೊಪ್ಪಲ್ ಪಂಚಾಂಗದ ನಡುವೆ ಇಟ್ಟರು, ಅಲ್ಲಿಗೆ ಹಾರ್ಮೋನಿನ ಅಧ್ಯಾಯ ಮುಗಿಯಿತು. ಅದೇ ಗುಳಿಗೆ ನುಂಗಿದವರಲ್ಲಿ ಸೊಂಟದ ಮೂಳೆ ಮುರಿದದ್ದು ಸುಮಾರು ಮೂರನೇ ಒಂದು ಭಾಗ ಕಡಿಮೆ ಎಂಬ ಸಾಲೂ ಅದೇ ವರದಿಯದು. ಆ ಹೆಂಗಸರ ಸರಾಸರಿ ವಯಸ್ಸು 63 ಎಂಬುದೂ ಅದರಲ್ಲೇ ಇತ್ತು. ನಲವತ್ತಾರರ ಅಕ್ಕನಿಗೂ ಅವರಿಗೂ ಹದಿನೇಳು ವರ್ಷದ ಅಂತರ. ಕತ್ತರಿ ಆಡಿಸುವಾಗ ಅಷ್ಟೆಲ್ಲ ಯಾರು ನೋಡುತ್ತಾರೆ?

ಬದಲಿಗೆ ಮನೆಯಲ್ಲಿ ರಾಗಿ ಯುಗ ಆರಂಭವಾಯಿತು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಹಾಲನ್ನೂ ಮೀರಿಸುತ್ತದೆ. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಮುದ್ದೆ, ರಾತ್ರಿ ರಾಗಿ ರೊಟ್ಟಿ, ನಡುವೆ ಎಳ್ಳುಂಡೆ. ಎಲ್ಲವೂ ಒಳ್ಳೆಯದೇ. ಆದರೆ ಮೇಸ್ತ್ರಿ ಇಲ್ಲದ ಕೆಲಸಕ್ಕೆ ಸಿಮೆಂಟು ಎಷ್ಟು ತಂದು ಸುರಿದರೇನು?

ಅಕ್ಕನಿಗೆ ಅರವತ್ತೆರಡಾದಾಗ, ರಂಗೋಲಿ ಹಾಕಲು ಬಗ್ಗಿದವಳು ಒದ್ದೆ ಮೆಟ್ಟಿಲ ಮೇಲೆ ಜಾರಿ ಅಂಗೈ ಊರಿದಳು. ಮಣಿಕಟ್ಟು ಊಟದ ಫೋರ್ಕಿನ ಹಾಗೆ ಬಾಗಿತು. ಹಾಗೆಂದದ್ದು ನಾನಲ್ಲ, ವೈದ್ಯಪುಸ್ತಕಗಳೇ. ಡಬ್ಲಿನ್ನಿನ ಅಬ್ರಹಾಂ ಕಾಲಿಸ್ ಎಂಬ ಶಸ್ತ್ರವೈದ್ಯ ಎಕ್ಸ್‌ರೇ ಹುಟ್ಟುವ ಎಂಬತ್ತು ವರ್ಷ ಮೊದಲೇ, 1814ರಲ್ಲಿ, ಈ ಮುರಿತವನ್ನು ವರ್ಣಿಸಿದ್ದ. ಇವತ್ತಿಗೂ ಅವನದೇ ಹೆಸರು. ನಿಂತ ಎತ್ತರದಿಂದ ಬಿದ್ದು ಹೀಗೆ ಮುರಿದರೆ ಮೂಳೆ ಸವೆದಿದೆಯೇ ನೋಡಬೇಕೆಂದು ಡೆಕ್ಸಾ ಸ್ಕ್ಯಾನಿಗೆ ಬರೆದರು. ಟಿ ಸ್ಕೋರು ಮೈನಸ್ 2.7 ಬಂತು. ಮೈನಸ್ 2.5 ಮತ್ತು ಅದಕ್ಕಿಂತ ಕೆಳಗಾದರೆ ಮೂಳೆ ಟೊಳ್ಳಾಗಿದೆ ಎಂದರ್ಥ. ಮೂವತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಅಕ್ಕನಿಗೆ ಅವಮಾನವೇ ಆಯಿತು. "ಸೊನ್ನೆ ಕೊಟ್ಟಿದೀನಿ. ಮೈನಸ್ಸು ನಾನು ಯಾರಿಗೂ ಕೊಟ್ಟಿಲ್ಲ." ಈ ಅಂಕ ಹರೆಯದ ಹೆಣ್ಣಿನ ಮೂಳೆಯ ಜೊತೆ ಹೋಲಿಸಿ ಕೊಡುವುದು ಎಂದು ತಿಳಿದಮೇಲಂತೂ, "ಇದ್ಯಾವ ಸೀಮೆ ಪರೀಕ್ಷೆ, ಬೇರೆ ಕ್ಲಾಸಿನ ಪ್ರಶ್ನೆಪತ್ರಿಕೆ ಕೊಟ್ಟು!" ಎಂದು ಸಿಡುಕಿದಳು.

ಹಾರ್ಮೋನು ಶುರು ಮಾಡುವ ಕಾಲ ಮೀರಿತ್ತು. ವಾರಕ್ಕೊಂದು ಅಲೆಂಡ್ರೊನೇಟ್ ಗುಳಿಗೆ ಬಂತು, ಜೊತೆಗೆ ಹಾಲಿನಲ್ಲಿ ಕದಡಿ ಕುಡಿಯುವ 60,000 ಯೂನಿಟ್ಟಿನ ವಿಟಮಿನ್ ಡಿ ಪೊಟ್ಟಣ. ಗುಳಿಗೆಯ ನಿಯಮಗಳು ಏಕಾದಶಿಯನ್ನು ಮೀರಿಸುತ್ತಿದ್ದವು. ಬರಿ ಹೊಟ್ಟೆಯಲ್ಲಿ, ಲೋಟದ ತುಂಬ ಬರಿ ನೀರಿನಲ್ಲಿ ನುಂಗಬೇಕು. ಅನ್ನನಾಳ ಸುಡದಂತೆ ಅರ್ಧ ಗಂಟೆ ಮಲಗಕೂಡದು, ಬೆನ್ನು ನೆಟ್ಟಗಿರಬೇಕು. ಅಷ್ಟು ಹೊತ್ತು ಕಾಫಿ ಇಲ್ಲ. ಭಾನುವಾರ ಬೆಳಿಗ್ಗೆ, ಮೈಸೂರಿನ ಮನೆಯಲ್ಲಿ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿರುವಾಗ! ಅಕ್ಕ ಜಗಲಿಯ ಕುರ್ಚಿಯಲ್ಲಿ ಪರೀಕ್ಷಾ ಮೇಲ್ವಿಚಾರಕಿಯಂತೆ ನೆಟ್ಟಗೆ ಕೂತಿರುತ್ತಿದ್ದಳು. ಭಾವ ಗಡಿಯಾರ ಹಿಡಿದು "ಇನ್ನು ಹನ್ನೊಂದು ನಿಮಿಷ ಕಣೇ" ಎನ್ನುತ್ತ ಆಚೆ ಈಚೆ ಓಡಾಡುತ್ತಿದ್ದರು. ಅವರೂ ಕಾಫಿ ಮುಟ್ಟುತ್ತಿರಲಿಲ್ಲ. ಐದು ವರ್ಷಕ್ಕೆ ಡಾಕ್ಟರು ಗುಳಿಗೆಗೆ ರಜೆ ಕೊಟ್ಟರು. ಭಾವ ಭಾನುವಾರದ ಕಾಫಿಯನ್ನು ಇವತ್ತಿಗೂ ಅರ್ಧ ಗಂಟೆ ತಡವಾಗಿಯೇ ಕುಡಿಯುತ್ತಾರೆ.

ಈಗ ಅಕ್ಕನ ಮಗಳ ಸರದಿ. ಬೆಂಗಳೂರಿನಲ್ಲಿರುವ ಅವಳು ಯಾವ ಸಭೆಯನ್ನೂ ಕರೆಯದೆ ಡಾಕ್ಟರ ಬಳಿ ಹೋಗಿ, ಮನೆತನದ ಕಾಯಿಲೆಗಳನ್ನೆಲ್ಲ ಹೇಳಿ, ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್ಲನ್ನೂ ಗರ್ಭಕೋಶದ ಕಾವಲಿಗೆ ಪ್ರೊಜೆಸ್ಟರಾನ್ ಮಾತ್ರೆಯನ್ನೂ ಬರೆಸಿಕೊಂಡು ಬಂದಳು. ಭಾವ ಪಂಚಾಂಗದಿಂದ ಹಳದಿಗಟ್ಟಿದ ಆ ತುಣುಕು ತೆಗೆದು ಫೋನಿನಲ್ಲೇ ಓದಿ ಹೇಳಿದರಂತೆ. ಅವಳು ಪೂರಾ ಕೇಳಿ, "ಅಪ್ಪಾ, ನಂಗೆ ಅರವತ್ತಮೂರು ಆದಾಗ ಅದನ್ನ ಕಳಿಸು" ಅಂದಳು.

ಹಾರ್ಮೋನು ಎಲ್ಲರಿಗೂ ಸಲ್ಲುವುದಲ್ಲ. ಸ್ತನದ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಬೇಡ ಎನ್ನುತ್ತಾರೆ, ರಕ್ತ ಹೆಪ್ಪುಗಟ್ಟಿದವರಲ್ಲಿ ತುಂಬ ಯೋಚಿಸುತ್ತಾರೆ. ನಿಲ್ಲಿಸಿದರೆ ಮೂಳೆ ಮತ್ತೆ ಸವೆಯತೊಡಗುತ್ತದೆ. ಬೇಕೋ ಬೇಡವೋ ಎಂಬುದನ್ನು ನಾನಾಗಲಿ ನಮ್ಮ ಭಾವನಾಗಲಿ ಹೇಳಲಾರೆವು, ಡಾಕ್ಟರೇ ಹೇಳಬೇಕು. ಆದರೆ ಕೇಳುವುದನ್ನು ಬೇಗ ಕೇಳಿ. ಮುಟ್ಟು ನಿಂತು ಹತ್ತು ವರ್ಷದೊಳಗೆ, ಅರವತ್ತು ತುಂಬುವ ಮೊದಲೇ.