ಚಿತ್ರದಲ್ಲಿದ್ದ ಉತ್ತರ

ಮಕ್ಕಳೇ, ವಿಮಾನ ನೆಲಕ್ಕಿಳಿದ ಮೇಲೂ ಬಹಳ ದೂರ ಓಡಿ ಆಮೇಲೆ ನಿಲ್ಲುತ್ತದೆ. ಹಾಗಾದರೆ ಹಡಗಿನ ಮೇಲೆ ಇಳಿದ ವಿಮಾನ ಕಡಲಿಗೆ ಬೀಳದೆ ಹೇಗೆ ನಿಲ್ಲುತ್ತದೆ?

ಈ ಪ್ರಶ್ನೆ ಕೇಳಿದವಳು ನನ್ನ ತಮ್ಮನ ಮಗಳು. ಅವರ ಮನೆ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ. ಅದು ಬೆಟ್ಟದ ಊರು. ಅಲ್ಲಿಂದ ಕಡಲು ನೋಡಬೇಕಾದರೆ ತಾಮರಶ್ಶೇರಿ ಘಾಟಿಯ 9 ತಿರುವುಗಳನ್ನು ಇಳಿದು ಕೋಝಿಕ್ಕೋಡಿಗೆ ಹೋಗಬೇಕು. ಅವಳು ಕಡಲನ್ನೇ ನೋಡಿರಲಿಲ್ಲ.

2022ರ ಓಣಂ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಸಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ‘ಐ.ಎನ್.ಎಸ್. ವಿಕ್ರಾಂತ್’ ನಮ್ಮ ನೌಕಾಪಡೆಯನ್ನು ಸೇರಿತ್ತು. ಅದು ಕೊಚ್ಚಿಯಲ್ಲೇ ಕಟ್ಟಿದ, 262 ಮೀಟರ್ ಉದ್ದದ ವಿಮಾನವಾಹಕ ಹಡಗು. ಪತ್ರಿಕೆಯಲ್ಲಿ ಅದರ ಚಿತ್ರ ನೋಡಿ ಅವಳು ಕೇಳಿಯೇ ಬಿಟ್ಟಳು. ಗೊತ್ತಿಲ್ಲ ಎನ್ನಲು ಮೇಷ್ಟ್ರಾದ ನನಗೆ ನಾಚಿಕೆಯಾಯಿತು. “ಆ ವಿಮಾನಗಳಿಗೆ ದೊಡ್ಡ ಬ್ರೇಕ್ ಇರುತ್ತದೆ ಮಗಳೇ” ಎಂದುಬಿಟ್ಟೆ.

ಆ ಮಾತು ನನ್ನನ್ನು ಕೊರೆಯುತ್ತಲೇ ಇತ್ತು. ಊರಿಗೆ ಬಂದು ಹುಡುಕಿದಾಗ ಅಮೆರಿಕದ ನೌಕಾಪಡೆಯ ಹಳೆಯ ಫೋಟೋಗಳು ಸಿಕ್ಕಿದವು. ಕ್ರಿಸ್ಮಸ್ ರಜೆಯಲ್ಲಿ ಅವನ್ನು ಅವಳ ಮುಂದೆ ಹರಡಿದೆ.

ಮೊದಲನೆಯದು 1911ರ ಜನವರಿ 18ರದು. ‘ಪೆನ್ಸಿಲ್ವೇನಿಯ’ ಎಂಬ ಯುದ್ಧನೌಕೆಯ ಮೇಲೆ ಹಲಗೆಯ ಅಟ್ಟ ಕಟ್ಟಿದ್ದಾರೆ. ಅಡ್ಡಡ್ಡವಾಗಿ 20ಕ್ಕೂ ಹೆಚ್ಚು ಹಗ್ಗಗಳು. ಪ್ರತಿಯೊಂದರ ಎರಡು ತುದಿಗೂ ಮರಳಿನ ಚೀಲ! ಬಟ್ಟೆ ಹೊದಿಸಿದ ರೆಕ್ಕೆಯ ಪುಟ್ಟ ವಿಮಾನದಲ್ಲಿ ಬಂದವನು ಯೂಜೀನ್ ಈಲಿ. ವಿಮಾನದ ಅಡಿಯ ಕೊಕ್ಕೆಗಳು ಹಗ್ಗಗಳಿಗೆ ಸಿಕ್ಕಿಕೊಂಡವು. ಚೀಲಗಳ ಭಾರ ವಿಮಾನವನ್ನು ಹಿಂದಕ್ಕೆ ಜಗ್ಗಿ ನಿಲ್ಲಿಸಿತು. ಹಡಗಿನ ಮೇಲೆ ವಿಮಾನ ಇಳಿದದ್ದು ಅದೇ ಮೊದಲು. ವಿಕ್ರಾಂತಿನಲ್ಲಿ ಹಗ್ಗದ ಬದಲು ಉಕ್ಕಿನ ತಂತಿಗಳಿವೆ. ಕೊಕ್ಕೆ ಈಗಲೂ ಇದೆ.

ಇನ್ನೊಂದು ಚಿತ್ರ ‘ಲ್ಯಾಂಗ್ಲಿ’ಯದು. ಕಲ್ಲಿದ್ದಲು ಸಾಗಿಸುತ್ತಿದ್ದ ಹಡಗೊಂದನ್ನು ಬದಲಾಯಿಸಿ 1922ರಲ್ಲಿ ಅದನ್ನು ಅಮೆರಿಕದ ಮೊದಲ ವಿಮಾನವಾಹಕವಾಗಿ ಮಾಡಿದರು. ಕಂಬಗಳ ಮೇಲೆ ಚಪ್ಪರ ಹಾಕಿದ ಹಾಗೆ ಕಾಣುತ್ತದೆ.

ಅವಳ ಕಣ್ಣು ಮಾತ್ರ ಈಲಿಯ ಮೇಲೆಯೇ ಇತ್ತು. “ದೊಡ್ಡಪ್ಪಾ, ಇವನ ಮೈಮೇಲೆ ಇರುವುದು ಏನು?”

“ಸೈಕಲ್ ಟ್ಯೂಬು. ಅವನಿಗೆ ನೀರೆಂದರೆ ಹೆದರಿಕೆ. ಬಿದ್ದರೆ ತೇಲಲಿ ಎಂದು ಸುತ್ತಿಕೊಂಡಿದ್ದಾನೆ.”

ಅದೇ ವರ್ಷ ಅಕ್ಟೋಬರಿನಲ್ಲಿ ಈಲಿಯ ವಿಮಾನ ಬಿದ್ದದ್ದು ನೀರಿಗಲ್ಲ, ನೆಲಕ್ಕೆ. ತೀರಿಕೊಂಡಾಗ ಅವನಿಗೆ 24 ವರ್ಷ. ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ, “ಹಾಗಾದರೆ ಅವತ್ತು ನೀವು ಬ್ರೇಕ್ ಎಂದದ್ದು?” ಎಂದಳು.

“ಗೊತ್ತಿಲ್ಲದೆ ಹೇಳಿದ್ದು, ಮಗಳೇ.”

ಅವಳು ನಕ್ಕು, ಪೆನ್ಸಿಲ್ ಹಿಡಿದು ಮರಳಿನ ಚೀಲಗಳನ್ನು ಎಣಿಸತೊಡಗಿದಳು.