ಬೋರ್ಡು ಒಂದೇ, ಬಚ್ಚಲು ಬೇರೆ

ನಮ್ಮ ಕಡೆ ಹೋಟೆಲ್ ಅಂದರೆ ಮೊದಲು ನೆನಪಾಗುವುದು ಇಡ್ಲಿ-ವಡೆ, ಕಾಫಿ. ತಂಗುವುದಕ್ಕೆ ಲಾಡ್ಜು. ಇಲ್ಲಿ ಹೇಳಹೊರಟಿರುವ ಹೋಟೆಲುಗಳು ಬೇರೆ ತರಹದವು. ಒಳಗೆ ಅಮೃತಶಿಲೆಯ ನೆಲ, ಹೊರಗೆ ಜಗತ್ತಿಗೆಲ್ಲ ಗೊತ್ತಿರುವ ಹೆಸರಿನ ಬೋರ್ಡು. ಹೆಸರು ಒಂದೇ ಆದಮೇಲೆ ಟೋಕಿಯೊದಲ್ಲೂ ಷಿಕಾಗೊದಲ್ಲೂ ಒಂದೇ ಉಪಚಾರ ಸಿಗಬೇಕಲ್ಲವೇ? ಸಿಗುವುದಿಲ್ಲ.

ಬಚ್ಚಲುಮನೆಯಿಂದಲೇ ಶುರು ಮಾಡೋಣ. ಜಪಾನಿನ ಒಳ್ಳೆಯ ಹೋಟೆಲಿನಲ್ಲಿ ಹಲ್ಲುಜ್ಜುವ ಬ್ರಷ್, ಪುಟ್ಟ ಪೇಸ್ಟು, ಬಾಚಣಿಗೆ, ರೇಜರ್, ಕೋಣೆಯೊಳಗೆ ಹಾಕಿಕೊಳ್ಳಲು ಚಪ್ಪಲಿ ಎಲ್ಲವೂ ನಿಮಗಾಗಿ ಕಾದಿರುತ್ತವೆ. ಕಮೋಡಿನ ಆಸನ ಬೆಚ್ಚಗಿರುತ್ತದೆ, ಗುಂಡಿ ಒತ್ತಿದರೆ ನೀರು ಚಿಮ್ಮುತ್ತದೆ. ಅದೇ ಬೋರ್ಡು ಹೊತ್ತ ಅಮೆರಿಕದ ಅಥವಾ ಯುರೋಪಿನ ಹೋಟೆಲಿಗೆ ಹೆಚ್ಚು ದುಡ್ಡು ಕೊಟ್ಟು ಹೋದರೂ, ಸಾಮಾನ್ಯವಾಗಿ ಬ್ರಷ್ ಬೇಕೆಂದರೆ ಫೋನ್ ಮಾಡಿ ಕೇಳಬೇಕು. ಕಮೋಡಿನ ಪಕ್ಕದಲ್ಲಿ ನೀರಿಲ್ಲ, ಕಾಗದದ ಸುರುಳಿ! ಕೋಣೆ ಎಷ್ಟೇ ಚೆನ್ನಾಗಿರಲಿ, ಮಗ್ ಎಲ್ಲಿದೆ ಎಂದು ಹುಡುಕುವ ನಮ್ಮ ಅಜ್ಜಿಯರಿಗೆ ಅದು ಪಂಚತಾರಾ ಅನ್ನಿಸುವುದು ಕಷ್ಟ.

ಏಷ್ಯಾದ ಈ ಧಾರಾಳಕ್ಕೂ ಈಗ ಕಡಿವಾಣ ಬೀಳುತ್ತಿದೆ. ಪ್ಲಾಸ್ಟಿಕ್ ಕಸ ಕಡಿಮೆ ಮಾಡಲು ಷಾಂಘೈ ನಗರದಲ್ಲಿ 2019ರ ಜುಲೈನಿಂದ ಅತಿಥಿ ಕೇಳದೆ ಬ್ರಷ್, ಬಾಚಣಿಗೆ ಕೊಡುವಂತಿಲ್ಲ. ದಕ್ಷಿಣ ಕೊರಿಯಾದಲ್ಲಿ 2024ರ ಮಾರ್ಚ್‌ನಿಂದ 50 ಅಥವಾ ಅದಕ್ಕಿಂತ ಹೆಚ್ಚು ಕೋಣೆಗಳಿರುವ ಹೋಟೆಲುಗಳು ಇವನ್ನು ಪುಕ್ಕಟೆ ಕೊಡುವಂತಿಲ್ಲ. ಆ ಕಡೆ ಹೊರಟವರು ಬ್ರಷ್ಷನ್ನು ಮನೆಯಿಂದಲೇ ಒಯ್ಯುವುದು ಕ್ಷೇಮ.

ಸುಖದ ಕಲ್ಪನೆಯೇ ಊರಿಂದೂರಿಗೆ ಬೇರೆ. ಅಮೆರಿಕದವರಿಗೆ ಮಂಜುಗಡ್ಡೆ ಬೇಕು; ಅಲ್ಲಿನ ಹೋಟೆಲುಗಳ ಮೊಗಸಾಲೆಯಲ್ಲಿ ಅದಕ್ಕೆಂದೇ ಯಂತ್ರ ಗುರುಗುಡುತ್ತಿರುತ್ತದೆ. ಚೀನೀಯರಿಗೆ ಬಿಸಿನೀರು ಬೇಕು. ಅಲ್ಲಿ ಕೋಣೆಯಲ್ಲಿ ಕೆಟಲ್ ಇಲ್ಲದಿದ್ದರೆ ನಡೆಯುವುದಿಲ್ಲ. ಜರ್ಮನಿಯಲ್ಲಿ ಗಂಡ ಹೆಂಡತಿಗೆ ಮಂಚ ಒಂದಾದರೂ ಹೊದಿಕೆ ಎರಡು (ರಾತ್ರಿಯ ಎಳೆದಾಟ ತಪ್ಪಿಸುವ ಈ ಉಪಾಯಕ್ಕೆ ನನ್ನ ಪೂರ್ಣ ಬೆಂಬಲವಿದೆ). ಕೊಲ್ಲಿ ದೇಶಗಳಲ್ಲಿ ಕೋಣೆಯ ಚಾವಣಿಯಲ್ಲೋ ಮೇಜಿನಲ್ಲೋ ಮೆಕ್ಕಾದ ದಿಕ್ಕು ತೋರಿಸುವ ಬಾಣವಿರುತ್ತದೆ. ಲಿಫ್ಟ್ ಹತ್ತಿದರೆ ಅಮೆರಿಕದಲ್ಲಿ ಅನೇಕ ಕಡೆ 13ನೇ ಮಹಡಿ ಮಾಯ, ಚೀನಾದಲ್ಲಿ 4ನೆಯದು ಮಾಯ. ಚೀನೀ ಭಾಷೆಯಲ್ಲಿ ನಾಲ್ಕು ಎಂಬ ಪದ ಸಾವು ಎಂಬ ಪದದಂತೆಯೇ ಕೇಳಿಸುತ್ತದಂತೆ!

ಮಕ್ಕಳ ವಿಷಯಕ್ಕೆ ಬರೋಣ. 1951ರಲ್ಲಿ ಅಮೆರಿಕದ ಮೆಂಫಿಸ್ ಊರಿನ ಕೆಮನ್ಸ್ ವಿಲ್ಸನ್ ಎಂಬವರು ಹೆಂಡತಿ ಮತ್ತು ಐವರು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ವಾಷಿಂಗ್ಟನ್ ನೋಡಲು ಹೊರಟರು. ದಾರಿಯ ವಸತಿಗೃಹಗಳು ಒಂದೊಂದು ಮಗುವಿಗೂ 2 ಡಾಲರ್ ಹೆಚ್ಚಿಗೆ ಕೇಳಿದವು. ಸಿಟ್ಟಿಗೆದ್ದ ವಿಲ್ಸನ್ ಮರುವರ್ಷ ತಾವೇ ಹಾಲಿಡೇ ಇನ್ ತೆರೆದರು. ಅಪ್ಪ ಅಮ್ಮನ ಕೋಣೆಯಲ್ಲಿ ಮಲಗುವ ಮಕ್ಕಳಿಗೆ ಅಲ್ಲಿ ಬಾಡಿಗೆ ಇರಲಿಲ್ಲ. ಇಂದಿಗೂ ಅಮೆರಿಕದವರಿಗೆ ಆ ಹೆಸರೆಂದರೆ ಹೆದ್ದಾರಿ ಬದಿಯ ಸಾಧಾರಣ ವಸತಿ. ಏಷ್ಯಾದ ಎಷ್ಟೋ ನಗರಗಳಲ್ಲಿ ಅದೇ ಬೋರ್ಡಿನ ಕೆಳಗೆ ಎತ್ತರದ ಕಟ್ಟಡ, ಈಜುಕೊಳ, ಹತ್ತಾರು ಬಗೆಯ ತಿಂಡಿಯ ಬಫೆ! ಇನ್ನು ಜಪಾನಿನಲ್ಲಿ ಅನೇಕ ಕಡೆ ಬಾಡಿಗೆಯನ್ನು ಕೋಣೆಗಲ್ಲ, ತಲೆಗೆ ಲೆಕ್ಕ ಹಾಕುತ್ತಾರೆ. ಯುರೋಪಿನ ಹಳೆಯ ಕಟ್ಟಡಗಳ ಪುಟ್ಟ ಕೋಣೆಗಳಲ್ಲಿ ಇಬ್ಬರೆಂದರೆ ಇಬ್ಬರೇ. ನಾಲ್ವರ ಸಂಸಾರಕ್ಕೆ ಎರಡು ಕೋಣೆ ಹಿಡಿಯಬೇಕಾಗಬಹುದು. ಬುಕ್ ಮಾಡುವಾಗ ಮಕ್ಕಳ ವಯಸ್ಸನ್ನು ಸರಿಯಾಗಿ ಬರೆಯಿರಿ.

ಒಂದೇ ಕಂಪನಿಯ ಹೋಟೆಲುಗಳಲ್ಲಿ ಇಷ್ಟೊಂದು ಅಂತರ ಏಕೆ? ಬೋರ್ಡಿನ ಮೇಲೆ ಹೆಸರಿರುವ ಕಂಪನಿಗೆ ಆ ಕಟ್ಟಡ ಸ್ವಂತದ್ದಲ್ಲದಿರುವುದೇ ಹೆಚ್ಚು. ಕಟ್ಟಡ ಸ್ಥಳೀಯ ಮಾಲೀಕರದ್ದು. ಕಂಪನಿ ಹೆಸರನ್ನೂ ನಿಯಮಗಳ ದಪ್ಪ ಪುಸ್ತಕವನ್ನೂ ಕೊಟ್ಟು ಶುಲ್ಕ ಪಡೆಯುತ್ತದೆ. ಅಮೆರಿಕದಲ್ಲಿ ಬಹುಪಾಲು ಹೋಟೆಲುಗಳನ್ನು ನಡೆಸುವವರೂ ಬೇರೆಯವರೇ. ಏಷ್ಯಾದ ದೊಡ್ಡ ಹೋಟೆಲುಗಳನ್ನು ಕಂಪನಿಯೇ ಮುಂದೆ ನಿಂತು ನಡೆಸುವುದು ಹೆಚ್ಚು, ಕಟ್ಟಡಗಳೂ ಹೊಸವು. ನಕ್ಷತ್ರ ಎಣಿಸಿ ಹೋಲಿಸೋಣವೆಂದರೆ ಅದಕ್ಕೂ ಜಗತ್ತಿಗೆಲ್ಲ ಒಂದೇ ಅಳತೆಗೋಲಿಲ್ಲ. ನಮ್ಮಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ನಕ್ಷತ್ರ ಕೊಡುತ್ತದೆ. ಫ್ರಾನ್ಸ್ 2010ರಲ್ಲಿ ಐದು ನಕ್ಷತ್ರಕ್ಕೂ ಮೇಲೆ 'ಪ್ಯಾಲೆಸ್' ಎಂಬ ಪದವಿ ಮಾಡಿಕೊಂಡಿತು. ದುಬೈಯ ಬುರ್ಜ್ ಅಲ್ ಅರಬ್‌ಗೆ ಅಂಟಿದ 'ಏಳು ನಕ್ಷತ್ರ'ವಂತೂ ಯಾವ ಸರ್ಕಾರವೂ ಕೊಟ್ಟದ್ದಲ್ಲ, ಪತ್ರಿಕೆಯ ಬರಹದಿಂದ ಹಬ್ಬಿದ ಮಾತು.

ಇವೆಲ್ಲಕ್ಕಿಂತ ದೊಡ್ಡ ಕಾರಣ ಸಂಬಳ. ಬ್ಯಾಂಕಾಕಿನಲ್ಲೋ ಮುಂಬಯಿಯಲ್ಲೋ ಬೆಳಿಗ್ಗೆ ಒಬ್ಬರು ಕೋಣೆ ಗುಡಿಸಿ ಹೋದರೆ, ಸಂಜೆ ಇನ್ನೊಬ್ಬರು ಬಂದು ಹಾಸಿಗೆ ಸರಿಪಡಿಸಿ ದಿಂಬಿನ ಬಳಿ ಚಾಕೊಲೇಟು ಇಟ್ಟು ಹೋಗುತ್ತಾರೆ. ಏಷ್ಯಾದ ಹೋಟೆಲುಗಳ ಸೇವೆಯನ್ನು ಪ್ರವಾಸಿಗರು ಹೊಗಳುತ್ತಾರಲ್ಲ, ಅದರ ಹಿಂದೆ ನಗುಮುಖ ಮಾತ್ರವಲ್ಲ, ಕಡಿಮೆ ಕೂಲಿಗೆ ದುಡಿಯುವ ಬಹಳ ಕೈಗಳಿವೆ. ಅಮೆರಿಕದಲ್ಲಿ ಆ ಕೈಗಳು ದುಬಾರಿ. 2021ರಲ್ಲಿ ಹಿಲ್ಟನ್ ಕಂಪನಿ ತೀರಾ ಐಷಾರಾಮಿ ಹೋಟೆಲುಗಳನ್ನು ಬಿಟ್ಟು ಅಮೆರಿಕದ ಉಳಿದವುಗಳಲ್ಲಿ ಅತಿಥಿ ಕೇಳಿದರೆ ಮಾತ್ರ ದಿನವೂ ಕೋಣೆ ಶುಚಿ ಎಂದಿತು. ಶುಚಿ ಕೆಲಸ ಕಡಿಮೆಯಾದರೆ ಕೆಲಸಗಾರ್ತಿಯರ ಗಂಟೆಗಳೂ ಸಂಬಳವೂ ಕಡಿಮೆಯಾಗುತ್ತವೆ. ಅದಕ್ಕೂ ಮೊದಲೇ, 2018ರಲ್ಲಿ, ಅಲ್ಲಿನ ಎಂಟು ನಗರಗಳಲ್ಲಿ ಮ್ಯಾರಿಯಟ್ ಹೋಟೆಲುಗಳ ಸಾವಿರಾರು ನೌಕರರು ಬೀದಿಗಿಳಿದಿದ್ದರು. ಹೊಟ್ಟೆ ಹೊರೆಯಲು ಎರಡೆರಡು ಕೆಲಸ ಮಾಡಬೇಕೇ, ಒಂದೇ ಸಾಲಬೇಕು ಎಂಬುದು ಅವರ ಕೂಗು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆ ಮುಷ್ಕರ ಸುಮಾರು ಎರಡು ತಿಂಗಳು ನಡೆಯಿತು.

ಹಾಗಾಗಿ ಭಕ್ಷೀಸಿನ ಲೆಕ್ಕವೂ ಬೇರೆ ಬೇರೆ. ಜಪಾನಿನಲ್ಲಿ ಮೇಜಿನ ಮೇಲೆ ನೋಟು ಬಿಟ್ಟು ಬಂದರೆ, ಮರೆತಿರಿ ಎಂದು ಹಿಂದೆಯೇ ಓಡಿ ಬಂದು ಕೊಟ್ಟಾರು. ಅಮೆರಿಕದಲ್ಲಿ ಒಂದೆರಡು ಡಾಲರ್ ಇಡುವುದು ವಾಡಿಕೆ. ಅದನ್ನು ಕೊನೆಯ ದಿನ ಒಟ್ಟಿಗೆ ಇಡಬೇಡಿ, ದಿನಾ ಬೆಳಿಗ್ಗೆ ಇಡಿ. ನಿನ್ನೆ ನಿಮ್ಮ ಹಾಸಿಗೆ ಹಾಸಿದವರು ಇವತ್ತು ರಜೆಯಲ್ಲಿರಬಹುದು.