ಮುಚ್ಚಳ ತೆರೆಯುವ ಸಿಟ್ಟು

ಕೊರಿಯನ್ ಭಾಷೆಯಲ್ಲಿ ಸಿಟ್ಟಿಗೆ 'ಹ್ವಾ' ಎನ್ನುತ್ತಾರೆ; ಚೀನೀ ಮೂಲದ ಈ ಪದಕ್ಕೆ ಬೆಂಕಿಯೆಂದೇ ಅರ್ಥ. ತಡೆಯಲಾಗದ ಸಿಟ್ಟು ಬಂದವರಿಗೆ 'ಮುಚ್ಚಳ ತೆರೆಯಿತು' ಎಂಬ ನುಡಿಯೂ ಅಲ್ಲಿದೆ. ಆದ್ದರಿಂದ ಇಂಗ್ಲಿಷಿನ 'ಫ್ಲಿಪ್ ಯುವರ್ ಲಿಡ್' ಆ ಜನರಿಗೆ ಸುಲಭ. ('ಪಿತ್ತ ನೆತ್ತಿಗೇರಿತು' ಎನ್ನುವ ನಮಗೂ ಕಷ್ಟವಲ್ಲ!) ತೊಡಕಾಗುವುದು 'ಫ್ಲೈ ಆಫ್ ದಿ ಹ್ಯಾಂಡಲ್'. ಮಗನ ನೆರೆಮನೆಯ ಕೊರಿಯನ್ ಮಹಿಳೆಗೆ ಇದನ್ನು ಕಲಿಸುವಾಗ, ಬೀಸಿದ ಕೊಡಲಿಯ ಅಲಗು ಕಾವಿನಿಂದ ಕಳಚಿ ಹಾರುವ ಚಿತ್ರವನ್ನೇ ಬರೆದು ತೋರಿಸಿದೆ. ನಕ್ಕರು. ಬಳಿಕ ಮೆಲ್ಲನೆ, "ನನಗೇ ಸಿಟ್ಟು ಬಂದರೆ ನಮ್ಮ ಇಂಗ್ಲೆಂಡಿನ ಮೇಲಧಿಕಾರಿಗೆ ಏನೆಂದು ಹೇಳಲಿ?" ಎಂದು ಕೇಳಿದರು.

ಪಾಠಪುಸ್ತಕಗಳು ಮರೆಯುವ ಪ್ರಶ್ನೆಯಿದು. ಈ ನುಡಿಗಟ್ಟುಗಳು ಬಹುಮಟ್ಟಿಗೆ ಪರರ ಕೋಪವನ್ನು ಬಣ್ಣಿಸಲು ಇರುವಂಥವು. ಹಿರಿಯರೆದುರು ದೂರು ಹೇಳಲು ಒದಗುವುದಿಲ್ಲ. ಮರ್ಯಾದೆಯ ಶ್ರೇಣಿಗಳು ಕ್ರಿಯಾಪದದಲ್ಲೇ ಇರುವ ಭಾಷೆಯಿಂದ ಬಂದವರು ಆಗ ಸುಮ್ಮನಾಗಿಬಿಡುತ್ತಾರೆ. ನುಂಗಿದ ಸಿಟ್ಟು ಎದೆಯೊತ್ತಡವಾಗಿ, ನಿದ್ರಾಹೀನತೆಯಾಗಿ ಕಾಡುವುದಕ್ಕೆ ಅಲ್ಲಿ 'ಹ್ವಾಬ್ಯೊಂಗ್' ಎಂಬ ಹೆಸರೇ ಇದೆ. ಅಮೆರಿಕದ ಮನೋವೈದ್ಯರ 1994ರ ಕೈಪಿಡಿಯೂ ಅದನ್ನು ದಾಖಲಿಸಿತ್ತು.

ನಾನು ಬರೆಸಿದ್ದು ಸಾದಾ ವಾಕ್ಯ: 'ಐ ಆ್ಯಮ್ ಅಪ್‌ಸೆಟ್ ಅಬೌಟ್ ದಿಸ್'. ಕೊನೆಯಲ್ಲಿ ವ್ಯಕ್ತಿಯನ್ನಲ್ಲ, ವಿಷಯವನ್ನು ಹೆಸರಿಸಿರಿ ಎಂದೆ. 'ಮ್ಯಾಡ್' ಬೇಡ, ಅಮೆರಿಕದವರಿಗೆ ಅದು ಸಿಟ್ಟು, ಇಂಗ್ಲೆಂಡಿನವರಿಗೆ ಹೆಚ್ಚಾಗಿ ಹುಚ್ಚು.